ಕೂತಲ್ಲೇ ಎಣಿಸಿದ ಹತ್ತಿಕಾಯಿ

ಉತ್ತರ ಒಂದೇ ಸಾಲಿನದು: ಸಂಶೋಧಕರನ್ನು ಕಂಪನಿಯೇ ಹುಡುಕಿಕೊಳ್ಳುತ್ತದೆ, ಅರ್ಜಿ ಬೇಡ. ಸುಶಮೀಂದ್ರ ಅದನ್ನು ಎಷ್ಟೋ ಸಲ ಓದಿದ. ರಾಯಚೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅವನು ಎರಡು ವರ್ಷ ಚಂದ್ರಬಂಡ, ಮಸರಕಲ್, ಮಲ್ಲಟ ಹಳ್ಳಿಗಳ ಮೂವತ್ತು ಹೊಲ ಸುತ್ತಿ, ಗಿಡಕ್ಕೆಷ್ಟು ಹತ್ತಿಕಾಯಿ ಎಂದು ವಾರವಾರವೂ ಎಣಿಸಿ ಮುಂಬೈಯ ಆ ಕಂಪನಿಗೆ, ಸಿರಿವಂತರ ಹಣವನ್ನು ಪೇಟೆಯಲ್ಲಿ ಹೂಡುವ ಹೆಡ್ಜ್ ಫಂಡಿಗೆ, ಕಳಿಸಿದ್ದ. ಬೆಳೆಯ ಅಂದಾಜು ಬೇರೆಯವರಿಗಿಂತ ಮೊದಲು ಸಿಕ್ಕರೆ ಅವರ ಕಂಪ್ಯೂಟರ್ ಹತ್ತಿಯ ಪೇಟೆಯಲ್ಲಿ ಕೊಂಡು ಮಾರಿ ಗೆಲ್ಲುತ್ತಿತ್ತು. ಆ ಲೆಕ್ಕವನ್ನು ಇನ್ನೂ ಹರಿತಗೊಳಿಸುವ ದಾರಿ ಕಂಡುಹಿಡಿದು ಬರೆದು, ಸಂಶೋಧಕನ ಕೆಲಸ ಕೇಳಿ ಕಳಿಸಿದ್ದಕ್ಕೆ ಬಂದದ್ದು ಈ ಸಾಲು. ಅಲ್ಲಿ ಯಾರ ಮುಖವನ್ನೂ ಅವನು ಕಂಡಿರಲಿಲ್ಲ.

ಆ ಮುಂಗಾರಿನಿಂದ ಹೊಲಕ್ಕೆ ಹೋಗುವುದನ್ನೇ ಬಿಟ್ಟ. ಬಾಡಿಗೆ ಕೋಣೆಯಲ್ಲಿ ಕೂತು ಸುಳ್ಳು ಅಂಕಿ ಹೆಣೆದ. ಅವನ್ನು ನಂಬಿ ಅವರು ಸೋಲಲಿ. ತೀರಾ ನುಣುಪಾದ ಸುಳ್ಳು ಸಿಕ್ಕಿಬೀಳುತ್ತದೆಂದು ಅವನಿಗೆ ಗೊತ್ತು. ಮಳೆ ಬಿದ್ದ ವಾರ ಲೆಕ್ಕದಲ್ಲಿ ಕಾಯಿ ಉದುರಿಸಿದ. ಮಲ್ಲಟದ ಎರಡು ಹೊಲಕ್ಕೆ ಹುಳ ಹತ್ತಿಸಿದ. ದಣಿದವನಂತೆ ಅಲ್ಲಲ್ಲಿ ಗಿಡ ಎಣಿಸದೆ ಬಿಟ್ಟ. ಅಂಕಿಯ ಜೊತೆ ಕಳಿಸಲು ಹೊಲದ ಹಳೆಯ ಫೋಟೋಗಳ ತಾರೀಖು ತಿದ್ದಿದ. ನಾಲ್ಕು ತಿಂಗಳು ಯಾರೂ ಏನೂ ಕೇಳಲಿಲ್ಲ. ಕಾಲೇಜು ಬಿಟ್ಟರೆ ಅವನೊಡನೆ ಮಾತಾಡುವವರೂ ಇರಲಿಲ್ಲ. ಇಷ್ಟು ಚಂದದ ಸುಳ್ಳನ್ನು ಒಬ್ಬರಿಗಾದರೂ ತೋರಿಸಬೇಕೆಂದು ಜೀವ ಹಂಬಲಿಸುತ್ತಿತ್ತು.

ಕಾರ್ತೀಕದಲ್ಲಿ ಕಂಪನಿಯಿಂದ ಆತಿಯಾ ಎಂಬವಳು ಕಾರಿನಲ್ಲಿ ಬಂದಳು, ಮಾನ್ವಿಯ ಹುಡುಗಿ.

"ನೀವು ಬರದು ಕಳಿಸಿದ್ದು ಮುಂಬೈದಾಗ ಎಲ್ಲಾರೂ ಓದ್ಯಾರ ರೀ ಸರ್. ನಿಮ್ಮನ್ನ ಸಂಶೋಧಕರಂತ ತಗೊಳ್ಳಾಕ ಬಂದೀನಿ. ಒಂದು ಹೊಲ ನೋಡಿದ್ರ ನನ್ನ ಕೆಲಸ ಮುಗೀತು. ಮಸರಕಲ್‌ಗೆ ಹೋಗೂಣ್ರಿ?"

ಅವನಿಗೆ ಕಣ್ಣು ತುಂಬಿ ಬಂತು. ಇನ್ನು ನಿಜದ ಅಂಕಿಯನ್ನೇ ಕೊಟ್ಟರಾಯಿತು, ಹಳೆಯದು ಯಾರಿಗೂ ತಿಳಿಯದು. ಇವತ್ತು ಕಾಯಿ ಕಡಿಮೆ ಕಂಡರೆ ಆಗಲೇ ಹತ್ತಿ ಬಿಡಿಸಿದ್ದಾರೆ ಎಂದರೆ ಸಾಕು.

"ನಡೀರಿ," ಎಂದ.

ದೇವದುರ್ಗದ ದಾರಿ ಹಿಡಿದ ಕಾರು ಮಸರಕಲ್ ಮುಟ್ಟಿದಾಗ ಹೊಲದ ಒಡತಿ ವೆಂಕಮ್ಮ ಬದುವಿನ ಮೇಲಿದ್ದಳು. ಅವನನ್ನು ಕಂಡದ್ದೇ ಅವಳ ಮುಖ ಅರಳಿತು. "ಯಪ್ಪಾ, ಈ ವರ್ಷ ಒಮ್ಮಿನೂ ಈ ಕಡೀ ಬರಲಿಲ್ಲಲ್ರೀ! ಅರಾಮ ಇಲ್ಲೇನೋ ಅಂತ ವಾರಾವಾರಾ ದಾರಿ ನೋಡಿದ್ನಿ." ಅವಳ ಬೆನ್ನ ಹಿಂದೆ, ಆ ಬದುವಿನಿಂದ ಈ ಬದುವಿನ ತನಕ, ಆಳೆತ್ತರದ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು.