ಮುಗೀತು ಮೇಡಂ

"ಈ ಪಟ್ಟಿ ಮಾಡಿದ್ದು ಯಾರು?"

ಬೆಳಗಿನ ಏಳು ಗಂಟೆ. ಗರುಡಾಚಾರ್‌ಪಾಳ್ಯದ ಆ ಔಷಧಿ ಕಂಪನಿಯಲ್ಲಿ ಕೆಳಗಿನ ಗೋಡೌನಿನವರು ಮೂರನೇ ಮಹಡಿಗೆ ಹತ್ತಿ ಬರುವುದೇ ಅಪರೂಪ. ಇವನು ಬಂದು ನಿಂತಿದ್ದ. ತೋಳು ಮಡಚಿದ ನೀಲಿ ಶರ್ಟು, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಮುದುಡಿದ ಕಾಗದ. ಏದುಸಿರು ಇನ್ನೂ ಇಳಿದಿರಲಿಲ್ಲ.

ಆಶ್ರಿತಾ ತಲೆ ಎತ್ತಿದಳು. ನಾಲ್ಕಕ್ಕೆ ಎದ್ದು, ಹಲಸೂರಿನಲ್ಲಿ ಮೊದಲ ಮೆಟ್ರೋ ಹಿಡಿದು ಬಂದವಳ ಕಣ್ಣು ಉರಿಯುತ್ತಿತ್ತು. ಜಗಳವಾಡುವುದಕ್ಕೂ ಮೈಯಲ್ಲಿ ಶಕ್ತಿ ಇರಬೇಕಲ್ಲ?

"ನಾನೇ. ಏನಾಯ್ತು?"

"ಕೆ.ಆರ್. ಪುರಂ ಅಂಗಡಿ ಪಟ್ಟಿ ನಲವತ್ತನೇ ಸಾಲಿಗೆ ನಿಂತೋಗಿದೆ. ಅವರು ಕಳಿಸಿದ್ದು ತೊಂಬತ್ತು. ಇನ್ಸುಲಿನ್ ಐವತ್ತನೇ ಸಾಲಿನಲ್ಲಿತ್ತು ರೀ. ವ್ಯಾನ್ ಹೊರಟೋಯ್ತು. ಅಲ್ಲಿ ಕಾಯ್ತಾ ಕೂತಿರೋ ಅಜ್ಜಿಗೆ ಏನ್ ಹೇಳ್ಲಿ?"

ಅವನು ಜಗಳಕ್ಕೆ ತಯಾರಾಗಿ ಬಂದಿದ್ದ. ಅವಳು ಪೆನ್ನು ತೆಗೆದುಕೊಂಡಳು.

"ಅಂಗಡಿ ನಂಬರ್ ಕೊಡಿ. ನಾನೇ ಹೇಳ್ತೀನಿ."

ಹೇಳಿದಳು ಕೂಡ. ಅವನ ಎದುರಿಗೇ ಆಫೀಸಿನ ಫೋನಿನಲ್ಲಿ ಅಂಗಡಿಯವರ ಹತ್ತಿರ ಕ್ಷಮೆ ಕೇಳಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಅವನ ಸಿಟ್ಟು ಎಲ್ಲಿ ಹೋಯಿತೋ! ಹತ್ತು ನಿಮಿಷದಲ್ಲಿ ಐಸ್ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟುಕೊಂಡು ತನ್ನದೇ ಸ್ಕೂಟರಿನಲ್ಲಿ ಹೊರಟುಬಿಟ್ಟ. ಹೆಸರು ಜಯಂತ್, ಗೋಡೌನಿನ ಲೋಡಿಂಗ್ ನೋಡಿಕೊಳ್ಳುವವನು ಎಂದು ಪಕ್ಕದ ಮೇಜಿನ ನಾಜಿಶ್ ಆಮೇಲೆ ಹೇಳಿದಳು.

ಆಶ್ರಿತಾಳ ಕೆಲಸವನ್ನು ಅವಳ ತಾಯಿ ಸೀತಾಲಕ್ಷ್ಮಿಗೆ ಎರಡು ವರ್ಷದಿಂದ ವಿವರಿಸಿದರೂ ಅರ್ಥವಾಗಿಲ್ಲ. ನಿಮಗೆ ಸರಳವಾಗಿ ಹೇಳುತ್ತೇನೆ. ಎಪ್ಪತ್ತು ಔಷಧಿ ಅಂಗಡಿಗಳು ದಿನಾ ಬೆಳಗ್ಗೆ ತಮಗೆ ಬೇಕಾದ್ದರ ಫೈಲನ್ನು ಒಂದೊಂದು ಫೋಲ್ಡರಿಗೆ ಹಾಕುತ್ತವೆ. ಆ ಫೋಲ್ಡರುಗಳನ್ನು ಸಾಫ್ಟ್‌ವೇರ್ ಕಣ್ಣು ಮಿಟುಕಿಸದೆ ಕಾಯುತ್ತದೆ. ಫೈಲ್ ಬಂತೋ, ಯಾರೂ ಹೇಳದೆಯೇ ಕೆಲಸ ಶುರು ಮಾಡಿ ವ್ಯಾನಿನ ಪಟ್ಟಿ ಅಚ್ಚು ಹಾಕಿ ಕೆಳಗೆ ಕಳಿಸುತ್ತದೆ. ಹಾಗೆ ಕಾಯುವುದನ್ನು ಕಲಿಸುವವಳು ಆಶ್ರಿತಾ.

ಅವತ್ತು ಆಗಿದ್ದಿಷ್ಟೇ. ನೆಂಟರ ಒಂದು ಕಾಲು ಹೊಸ್ತಿಲು ದಾಟಿದ ಕೂಡಲೇ ಬಾಗಿಲು ಹಾಕಿಬಿಟ್ಟ ಹಾಗೆ, ಅರ್ಧ ಬಂದ ಫೈಲನ್ನೇ ಪೂರ್ತಿ ಎಂದುಕೊಂಡು ಸಾಫ್ಟ್‌ವೇರ್ ಓಡಿತ್ತು. ಫೈಲ್ ಬೆಳೆಯುವುದು ನಿಂತು ಒಂದು ನಿಮಿಷವಾದ ಮೇಲೆಯೇ ಮುಟ್ಟಬೇಕು ಎಂದು ಅವಳು ಕಟ್ಟಳೆ ಹಾಕಿದಳು. ಪರೀಕ್ಷೆಗೆಂದು ಗೋಡೌನಿನ ಕಂಪ್ಯೂಟರಿಗೊಂದು ಟೆಸ್ಟ್ ಫೋಲ್ಡರ್ ಮಾಡಿಕೊಟ್ಟಳು. ಜಯಂತ್ ಅದರಲ್ಲಿ ಏನಾದರೂ ಹಾಕಿದರೆ ಅವಳ ಪರದೆಯಲ್ಲಿ ಗಂಟೆ ಬಾರಿಸಿ, ಬರೆದದ್ದು ತಾನಾಗಿ ತೆರೆದುಕೊಳ್ಳಬೇಕು.

ಮೊದಲ ದಿನ ಗಂಟೆ ಬಾರಿಸಿತು. "ಟೆಸ್ಟ್" ಎಂದಿತ್ತು.

ಎರಡನೆಯ ದಿನ, "ಟೆಸ್ಟ್. ಕ್ಯಾಂಟೀನಲ್ಲಿ ಇವತ್ತು ಉಪ್ಪಿಟ್ಟು. ತಪ್ಪಿಸ್ಕೊಳ್ಳಿ."

ಅವಳಿಗೆ ನಗು ಬಂತು. ಆ ಮೂರನೇ ಮಹಡಿಯಲ್ಲಿ ಬೆಳಗಿನ ಆರು ಗಂಟೆಗೆ ಯಾರಾದರೂ ನಕ್ಕಿದ್ದು ಅದೇ ಮೊದಲಿರಬೇಕು.

ಮೊಬೈಲನ್ನು ಮೇಲಿನವರೂ ಕೆಳಗಿನವರೂ ಗೇಟಿನ ಲಾಕರಿನಲ್ಲಿಟ್ಟೇ ಒಳಗೆ ಬರಬೇಕು. ಹಾಗಾಗಿ ಆ ಫೋಲ್ಡರೇ ಅಂಚೆಪೆಟ್ಟಿಗೆಯಾಯಿತು. ಅವನ ಸಾಲು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡದಲ್ಲಿ ಬರುತ್ತಿತ್ತು. ಅವಳ ಉತ್ತರ ವ್ಯಾನ್ ಪಟ್ಟಿಯ ಕೊನೆಯಲ್ಲಿ, 'ಷರಾ' ಎಂಬ ಖಾನೆಯಲ್ಲಿ ಅಚ್ಚಾಗಿ ಕೆಳಗೆ ಹೋಗುತ್ತಿತ್ತು. ಎಪ್ಪತ್ತು ಅಂಗಡಿಗಳ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯ ಕೆಳಗೆ ಒಂದು ಸಾಲು: "ಉಪ್ಪಿಟ್ಟು ತಿಂದೆ. ಎಚ್ಚರಿಸಿದ್ದು ತಡವಾಯ್ತು."

ಎರಡು ತಿಂಗಳು ಹೀಗೇ ನಡೆಯಿತು. ಆಶ್ರಿತಾಳ ವಯಸ್ಸು ಮೂವತ್ತೊಂದು. ಎರಡು ವರ್ಷದ ಹಿಂದೆ ಅವಳ ಮದುವೆ ನಿಶ್ಚಯವಾಗಿ, ಛತ್ರವೂ ಗೊತ್ತಾಗಿತ್ತು. ಹುಡುಗ ಒಂದು ದಿನ ಫೋನ್ ಎತ್ತುವುದನ್ನು ನಿಲ್ಲಿಸಿದ. ಯಾಕೆಂದು ಕೇಳಿಕೊಂಡು ಇವಳು ಅವರ ಮನೆಗೇ ಹೋದಳು. ಬಾಗಿಲಲ್ಲಿ ನಿಲ್ಲಿಸಿಯೇ ಕಳಿಸಿದರು. ಅವತ್ತಿನಿಂದ ಅವಳು ಯಾರನ್ನೂ ಏನನ್ನೂ ಕೇಳುವುದಿಲ್ಲ. ಬಂದದ್ದು ಬರಲಿ, ಹೋದದ್ದು ಹೋಗಲಿ ಎಂಬ ದಣಿವು ಅವಳ ಮೈಗೆ ಅಂಟಿಕೊಂಡಿತ್ತು.

ಆದರೂ ಈಗೀಗ ಬೆಳಗ್ಗೆ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗುತ್ತಿತ್ತು. 'ಇವತ್ತು ಏನು ಬರೆದಿರ್ತಾನೋ...'

ಒಂದು ಗುರುವಾರ ಮತ್ತೆ ಎಡವಟ್ಟಾಯಿತು. ಒಂದು ಅಂಗಡಿಯ ನೆಟ್‌ವರ್ಕ್ ನಡುವೆಯೇ ಮೂರು ನಿಮಿಷ ಸತ್ತು, ಬೆಳೆಯುವುದು ನಿಂತ ಅರ್ಧ ಫೈಲನ್ನು ಸಾಫ್ಟ್‌ವೇರ್ ಮತ್ತೆ ಪೂರ್ತಿ ಎಂದುಕೊಂಡಿತು. ಮ್ಯಾನೇಜರಿಂದ ಬೈಸಿಕೊಂಡ ಆಶ್ರಿತಾ ಇನ್ನೊಂದು ಕಟ್ಟಳೆ ತಂದಳು. ಪಟ್ಟಿ ಕಳಿಸಿದ ಮೇಲೆ ಪ್ರತಿ ಅಂಗಡಿಯೂ 'ಮುಗೀತು' ಎಂಬ ಹೆಸರಿನ ಖಾಲಿ ಫೈಲೊಂದನ್ನು ಕಳಿಸಬೇಕು. ಅದು ಬರುವವರೆಗೆ ಮೊದಲನೆಯದನ್ನು ಸಾಫ್ಟ್‌ವೇರ್ ಮುಟ್ಟಕೂಡದು. ಎಲ್ಲ ಅಂಗಡಿಗಳಿಗೂ ತಿಳಿಸಿದಳು. ಅಂಗಡಿಯವರು ನಕ್ಕು ಅವಳಿಗೆ 'ಮುಗೀತು ಮೇಡಂ' ಎಂದು ಹೆಸರಿಟ್ಟರು.

ಕಟ್ಟಳೆಯನ್ನು ಎಲ್ಲ ಫೋಲ್ಡರಿಗೂ ಒಂದೇ ಏಟಿಗೆ ಹಾಕಿದ್ದಳು. ಆಯಾಸ ನೋಡಿ, ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಟೆಸ್ಟ್ ಫೋಲ್ಡರನ್ನು ಅದರಿಂದ ಹೊರಗೆ ಬಿಡಬೇಕೆಂದು ಹೊಳೆಯಲಿಲ್ಲ. ಗೋಡೌನು ಅಂಗಡಿಯಲ್ಲವಲ್ಲ, ಅಲ್ಲಿಗೆ ಸುದ್ದಿಯೂ ಹೋಗಲಿಲ್ಲ.

ಮರುದಿನ ಗಂಟೆ ಬಾರಿಸಲಿಲ್ಲ. ರಜೆಯಿರಬೇಕು ಎಂದುಕೊಂಡಳು. ಶನಿವಾರವೂ ಇಲ್ಲ. ಭಾನುವಾರ, ವಾರದ ನಿದ್ದೆಯನ್ನೆಲ್ಲ ಒಟ್ಟಿಗೆ ತೀರಿಸುವವಳಂತೆ, ಮಧ್ಯಾಹ್ನದವರೆಗೆ ಮಲಗಿದಳು. ಸೋಮವಾರವೂ ಪರದೆ ಸುಮ್ಮನಿತ್ತು.

'ಬೇಜಾರಾಗಿರಬೇಕು. ಎಲ್ಲರಿಗೂ ಆಗುತ್ತೆ...'

ಷರಾ ಖಾನೆಯನ್ನು ಅವಳೂ ಖಾಲಿ ಬಿಟ್ಟಳು. ಮೊದಲು ಬರೆಯಬೇಕಾದವನು ಅವನಲ್ಲವೇ? ಬುಧವಾರ ಒಮ್ಮೆ ಕ್ಯಾಂಟೀನಿನಲ್ಲಿ ಎದುರಾದ. ಅವನು ತಟ್ಟೆ ಹಿಡಿದು ಪಕ್ಕಕ್ಕೆ ಸರಿದು, ಪಟ್ಟಿಯೆಲ್ಲ ಸರಿಯಾಗಿ ಬರುತ್ತಿದೆ ಎಂದು ಆಫೀಸಿನ ದನಿಯಲ್ಲಿ ಹೇಳಿ ಹೊರಟುಹೋದ. ಅವಳು ಕೈ ತೊಳೆಯುವಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಅಳು ಬಂದಿತ್ತು, ಮತ್ತೇನಿಲ್ಲ.

ಹೀಗೆ ಹತ್ತೊಂಬತ್ತು ದಿನ ಕಳೆಯಿತು.

ಅವತ್ತು ಬುಧವಾರ, ಬೆಳಗ್ಗೆ ಎಂಟು. ನಾಜಿಶ್ ಟೀ ಲೋಟ ತಂದಿಟ್ಟು, ಮುಖ ನೋಡದೆ ಹೇಳಿದಳು.

"ನಿನ್ನ ಉಪ್ಪಿಟ್ಟು ಮಹಾಶಯ ಹುಬ್ಬಳ್ಳಿಗೆ ಹೋಗ್ತಿದಾನೆ ಕಣೇ. ತಾನೇ ಕೇಳಿ ವರ್ಗ ಮಾಡಿಸ್ಕೊಂಡಿದಾನೆ. ಹತ್ತು ಗಂಟೆಗೆ ಎಚ್‌ಆರ್‌ನಲ್ಲಿ ಸಹಿ ಹಾಕಿದ್ರೆ ಆಯ್ತು."

"ನನ್ನದೇನಲ್ಲ," ಎಂದಳು ಆಶ್ರಿತಾ.

ನಾಜಿಶ್ ಶಿವಾಜಿನಗರದವಳು. ಅಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ. ಯಾವ ಹಣ್ಣು ಒಳಗೆ ಕೊಳೆಯುತ್ತಿದೆ ಎಂದು ಸಿಪ್ಪೆ ನೋಡಿಯೇ ಹೇಳುವ ಜಾತಿ. ಗೆಳತಿಯ ಹೆಗಲು ಒತ್ತಿ ತನ್ನ ಮೇಜಿಗೆ ಹೋದಳು.

ಆಶ್ರಿತಾ ಆ ಟೆಸ್ಟ್ ಫೋಲ್ಡರನ್ನು ಅಳಿಸಿಬಿಡಲು ಕೂತಳು. ದಿನಾ ಅದರ ಹೆಸರು ಕಣ್ಣಿಗೆ ಬೀಳುವುದಾದರೂ ತಪ್ಪಲಿ. ಅಳಿಸು ಎಂದು ಒತ್ತಿದಳು.

ಪರದೆ ಒಪ್ಪಲಿಲ್ಲ. ಒಂದು ಫೈಲ್ ಇನ್ನೂ ಕಾಯುತ್ತಿದೆ, ಅಳಿಸಲೇ ಎಂದು ಕೇಳಿತು.

ಕಾಯುತ್ತಿದೆಯೇ? ತಾರೀಖು ನೋಡಿದಳು. ಹತ್ತೊಂಬತ್ತು ದಿನದ ಹಿಂದಿನ ಶುಕ್ರವಾರ, ಬೆಳಗ್ಗೆ ಆರು ಹತ್ತು. ಎರಡು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: 'ಮುಗೀತು' ಬಾರದೆ ಅದು ಅಲ್ಲೇ ನಿಂತಿತ್ತು. ಕಾಯಲು ಕಲಿಸಿದವಳು ತಾನೇ! ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅದೇ ಇದು.

'ಮುಗೀತು' ಎಂಬ ಖಾಲಿ ಫೈಲನ್ನು ಅವಳೇ ಮಾಡಿ ಅದರ ಪಕ್ಕಕ್ಕಿಟ್ಟಳು.

ಗಂಟೆ ಬಾರಿಸಿತು. ಪತ್ರ ತೆರೆದುಕೊಂಡಿತು.

"ಆಶ್ರಿತಾ ಅವರೇ, ಇದು ಟೆಸ್ಟ್ ಅಲ್ಲ. ಎದುರಿಗೆ ಹೇಳೋಕೆ ಧೈರ್ಯ ಸಾಲಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ನಿಮ್ಮ ಷರಾ ಇರೋ ಕಾಗದ ಎಲ್ಲ ಎತ್ತಿಟ್ಟಿದೀನಿ. ಭಾನುವಾರ ಹತ್ತು ಗಂಟೆಗೆ ಹಲಸೂರು ಕೆರೆ ಗೇಟ್ ಹತ್ರ ಇರ್ತೀನಿ. ಬಂದ್ರೆ ಬಾಕಿದು ಅಲ್ಲೇ ಹೇಳ್ತೀನಿ. ಬರದಿದ್ರೆ ಅದೇ ಉತ್ತರ ಅಂದ್ಕೊಳ್ತೀನಿ. ಆಮೇಲೆ ಯಾವತ್ತೂ ತೊಂದ್ರೆ ಕೊಡಲ್ಲ."

ಕೆರೆಯ ಗೇಟಿಗೆ ಅವಳ ಮನೆಯಿಂದ ಐದು ನಿಮಿಷದ ದಾರಿ. ಆ ಹೊತ್ತಿಗೆ ಅವಳು ಹೊದ್ದು ಮಲಗಿದ್ದಳು. ಆಮೇಲೆ ದಿನವೂ ಅವನ ಕೈಗೆ ಹೋದದ್ದು ಖಾಲಿ ಷರಾ.

ಅವಳು ಎದ್ದಳು. ಹಿಂದೊಮ್ಮೆ ಹೀಗೆಯೇ ಕೇಳಲು ಹೋಗಿ ಬಾಗಿಲಲ್ಲಿ ನಿಂತು ಬಂದದ್ದು ನೆನಪಾಗಿ ಕಾಲು ಒಂದು ಕ್ಷಣ ತಡೆಯಿತು. 'ಬಾಗಿಲಲ್ಲೇ ನಿಲ್ಲಿಸಲಿ. ಈ ಸಲ ತಪ್ಪು ನನ್ನದು. ನಾನೇ ಹೇಳ್ಬೇಕು.' ಮೂರು ಮಹಡಿ ಇಳಿದಳು.

ಗೋಡೌನಿನ ನೆಲದ ಮೇಲೆ ಹಳದಿ ಗೆರೆಯೊಂದಿದೆ. ಮೇಲಿನವರು ಅದನ್ನು ದಾಟುವ ಪದ್ಧತಿಯಿಲ್ಲ. ಇವಳು ದಾಟಿ ನಡೆದಾಗ, ಪೆಟ್ಟಿಗೆ ಎಣಿಸುತ್ತಿದ್ದ ಹಸನ್ ಭಾಯ್ ಎಣಿಕೆ ಮರೆತು ನೋಡುತ್ತ ನಿಂತರು. ಜಯಂತ್ ಕೊನೆಯ ವ್ಯಾನಿನ ಬಾಗಿಲು ಹಾಕುತ್ತಿದ್ದ. ಶರ್ಟಿನ ಜೇಬಿನಲ್ಲಿ ಮಡಚಿದ ಬಿಳಿ ಲಕೋಟೆ ಕಾಣುತ್ತಿತ್ತು.

"ನಿಮ್ಮ ಪತ್ರ ಓದಿದೆ," ಎಂದಳು. "ಹತ್ತು ನಿಮಿಷ ಆಯ್ತು."

"ಕಳಿಸಿ ಹತ್ತೊಂಬತ್ತು ದಿನ ಆಯ್ತು ರೀ."

ಹೊಸ ಕಟ್ಟಳೆ, ಖಾಲಿ ಫೈಲು, ಬಿಡಲು ಮರೆತ ಫೋಲ್ಡರು, ಎಲ್ಲವನ್ನೂ ಹಿಂದು ಮುಂದಾಗಿ ಹೇಳಿದಳು. ಅವನು ಕೇಳಿಸಿಕೊಂಡ. ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ನಿದ್ದೆಗೆಟ್ಟವನ ಸುಸ್ತಿತ್ತು.

"ಅಂದ್ರೆ... ನೀವು ನೋಡೇ ಇರ್ಲಿಲ್ಲ."

"ಇಲ್ಲ."

"ಒಂದೂವರೆವರೆಗೆ ನಿಂತಿದ್ದೆ. ಕಡ್ಲೆಕಾಯಿ ಮಾರೋವ್ನು ಪಾಪ ಅಂತ ಕೂರೋಕೆ ಸ್ಟೂಲ್ ಕೊಟ್ಟ."

"ಕ್ಯಾಂಟೀನಲ್ಲಿ ಒಂದು ಮಾತು ಕೇಳ್ಬಹುದಿತ್ತಲ್ಲ ನೀವು."

"ತೊಂದ್ರೆ ಕೊಡಲ್ಲ ಅಂತ ಬರೆದಿದ್ನಲ್ಲ," ಎಂದ ಅವನು. "ನೀವೂ ಕೇಳ್ಬಹುದಿತ್ತು."

ಹೌದು, ಕೇಳಬಹುದಿತ್ತು. ಅರ್ಧವನ್ನೇ ಪೂರ್ತಿ ಎಂದುಕೊಳ್ಳುವ ಸಾಫ್ಟ್‌ವೇರಿಗೆ ಬುದ್ಧಿ ಕಲಿಸಿದವಳು, ತಾನು ಮಾತ್ರ ಅದೇ ತಪ್ಪು ಮಾಡಿದ್ದಳು. ಅವನೂ ಅಷ್ಟೇ. ಇಬ್ಬರೂ ಸೇರಿ ಹತ್ತೊಂಬತ್ತು ದಿನ ಸುಮ್ಮನೆ ಸೊರಗಿದ್ದರು.

ಅವಳು ಉಸಿರು ತೆಗೆದುಕೊಂಡಳು.

"ನನಗೆ ತುಂಬ ಸಾಕಾಗಿದೆ ಜಯಂತ್. ನಾಲ್ಕು ಗಂಟೆಗೆ ಏಳೋದು, ಬೈಸಿಕೊಳ್ಳೋದು, ಯಾರೋ ಬಿಟ್ಟು ಹೋದ್ರು ಅಂತ ಒಳಗೊಳಗೇ ಕೊರಗೋದು. ನಿಮ್ಮದೊಂದು ಸಾಲು ಇರುತ್ತೆ ಅಂತ ಎದ್ದು ಬರ್ತಿದ್ದೆ. ಅದು ನಿಂತ ಮೇಲೆ ಹಾಸಿಗೆಯಿಂದ ಏಳೋಕೇ ಆಗ್ತಿರ್ಲಿಲ್ಲ. ನೀವಂದ್ರೆ ನನಗೆ ಇಷ್ಟ. ಅವತ್ತು ಐಸ್ ಡಬ್ಬಿ ಹಿಡ್ಕೊಂಡು ಸ್ಕೂಟರ್ ಹತ್ತಿದ್ರಲ್ಲ, ಅವತ್ತಿನಿಂದ..."

ಮುಂದೆ ದನಿ ಹೊರಡಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ತಲೆ ತಗ್ಗಿಸಿದಳು. ಅವಳ ಮಾತು ಅಷ್ಟಕ್ಕೇ ನಿಂತಿತೆಂದುಕೊಂಡು ಅವನು ಏನೋ ಹೇಳಲು ಬಾಯಿ ತೆರೆದ.

"ಇರಿ," ಎಂದಳು. "ಇನ್ನೂ ಇದೆ. ನಾನು ಮುಗೀತು ಅನ್ನೋವರೆಗೆ ಎಲ್ಲಿಗೂ ಹೋಗ್ಬೇಡಿ."

ಜಯಂತ್ ಅವಳನ್ನೇ ನೋಡಿದ. ಮೂರು ವಾರದಲ್ಲಿ ಮೊದಲ ಸಲ ಅವನ ತುಟಿಯಂಚಿನಲ್ಲಿ ನಗು ಕಾಣಿಸಿತು. ಜೇಬಿನಿಂದ ಲಕೋಟೆ ತೆಗೆದು, ಸಹಿ ಹಾಕದ ವರ್ಗಾವಣೆ ಕಾಗದದ ಸಮೇತ ಅವಳ ಕೈಯಲ್ಲಿಟ್ಟ. ಇಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ಮುಗೀತು ಅಂತ ಯಾವಾಗ ಅಂತೀರಿ?"

"ಅನ್ನಲ್ಲ."