ಕಾಣಬಾರದಿದ್ದ ಗೋಡೆ

ಮೀನುಗಾರ್ತಿ ಬೆಳಗ್ಗೆ ಬಲೆ ಎತ್ತಲು ಹೋದಾಗ ಕಾಲುವೆಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಿದ್ಯುತ್ ಸ್ಥಾವರದ ಯಂತ್ರಗಳನ್ನು ತಣಿಸಿದ ಬಿಸಿನೀರು ಹರಿಯುವ ಕಾಲುವೆ ಅದು. ಚಳಿಗಾಲ ಬಂತೆಂದರೆ ಹೊಳೆಯ ಮೀನುಗಳೆಲ್ಲ ಬೆಚ್ಚಗಿರಲು ಅಲ್ಲಿಗೇ ಬಂದು ಸೇರುತ್ತಿದ್ದವು. ದಡದಲ್ಲಿ ಒಂದು ಖಾಲಿ ಬಣ್ಣದ ಡಬ್ಬ ಬಿದ್ದಿತ್ತು.

ಅಷ್ಟು ಸಾಕಾಯಿತು. ಹತ್ತು ಗಂಟೆಗೆ ಮೀನುಗಾರಿಕೆ ಇಲಾಖೆಯ ತನಿಖಾಧಿಕಾರಿ ಬರುವಷ್ಟರಲ್ಲಿ ಜನ ತೀರ್ಪು ಕೊಟ್ಟಾಗಿತ್ತು—ನೂಲಿಗೆ ಬಣ್ಣ ಹಾಕುವವನೇ ವಿಷ ಸುರಿದಿದ್ದಾನೆ! ಅವನು ಮೀನುಗಾರ್ತಿಯ ಮೈದುನ. ದಡದ ಜಾಗದಲ್ಲಿ ಬಲೆ ಒಣಗಬೇಕೋ, ನೂಲು ಒಣಗಬೇಕೋ ಎಂದು ಹಿಂದಿನ ವಾರವಷ್ಟೇ ಇಬ್ಬರೂ ಹಾವು ಮುಂಗುಸಿಯಂತೆ ಕಿತ್ತಾಡಿದ್ದರು.

ಮಧ್ಯಾಹ್ನದೊಳಗೆ ವರದಿಗೆ ಸಹಿ ಬಿದ್ದರೆ ಅವನ ಕೆಲಸದ ಮನೆಗೆ ಬೀಗ, ಅವನಿಗೆ ಜೈಲು. ತನಿಖಾಧಿಕಾರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಿಂದೊಮ್ಮೆ ಆಕೆ ಅವಸರದಲ್ಲಿ ಹಾಕಿದ ಸಹಿಯಿಂದ ಒಬ್ಬ ನಿರಪರಾಧಿ ದೋಣಿ ಕಳೆದುಕೊಂಡಿದ್ದ. ಆ ಪಾಪ ಇನ್ನೂ ಎದೆ ಕೊರೆಯುತ್ತಿತ್ತು.

“ಡಬ್ಬ ನಿನ್ನದೇನಾ?”

“ನಂದೇ ಮೇಡಂ. ಹಿತ್ತಲಲ್ಲಿ ರಾಶಿ ಬಿದ್ದಿರುತ್ತೆ. ಯಾರು ಬೇಕಾದ್ರೂ ಎತ್ಕೊಂಡು ಹೋಗಬಹುದು.”

“ಅತ್ತಿಗೆ ಮೇಲೆ ಸಿಟ್ಟಿತ್ತಲ್ಲ?”

“ಇತ್ತು. ಮೀನಿನ ಮೇಲೆ ಏನು ಸಿಟ್ಟು?”

“ಬೆಂಕಿ ಇಲ್ದೆ ಹೊಗೆ ಬರುತ್ತೇನೋ?” ಅತ್ತಿಗೆ ಗುಡುಗಿದಳು. ಅತ್ತು ಅತ್ತು ಕಣ್ಣು ಊದಿದ್ದವು. “ಚಳಿಗಾಲ ಪೂರ್ತಿ ನಮ್ಮ ಅನ್ನ ಕಣೋ ಅದು!”

ತನಿಖಾಧಿಕಾರಿ ಒಂದು ಮೀನಿನ ಕಿವಿರು ಬಿಡಿಸಿ ನೋಡಿದಳು. ಬಣ್ಣದ ಸುಳಿವೇ ಇಲ್ಲ. ಕಾಲುವೆ ಹೊಳೆಗೆ ಸೇರುವಲ್ಲಿಗೆ ನಡೆದಳು. ಅಲ್ಲಿ ಮರಿಮೀನುಗಳು ಚುರುಕಾಗಿ ಓಡಾಡುತ್ತಿದ್ದವು. ವಿಷ ಅಲ್ಲಿಗೆ ಬಂದು ನಿಂತುಬಿಟ್ಟಿತೇ?

ಸ್ಥಾವರದ ಪಾಳಿ ಮೇಲ್ವಿಚಾರಕ ಫೋನು ಹಿಡಿದು ಮುಂದೆ ಬಂದ. “ಆರೂವರೆಗೆ ನಾನೇ ತೆಗೆದ ಫೋಟೋ ಮೇಡಂ. ಮೀನು, ಡಬ್ಬ—ಎಲ್ಲಾ ಇದೆ. ಇನ್ನೇನು ಸಾಕ್ಷಿ ಬೇಕು?”

“ನಿಮ್ಮ ಬಿಸಿನೀರು?”

“ಎಂದಿನ ಹಾಗೇ ಬಿಟ್ಟಿದ್ದೀವಿ. ಬೇಕಾದ್ರೆ ರಿಜಿಸ್ಟರ್ ನೋಡಿ.”

ಆಕೆ ಫೋಟೋ ನೋಡಿದಳು. ತಲೆಯೆತ್ತಿ ಕಾಲುವೆ ನೋಡಿದಳು, ಸ್ಥಾವರದ ಬಿಸಿನೀರು ಹೊರಬೀಳುವ ತೂಬಿನ ಬಾಗಿಲು, ಅದರ ಜಾಲರಿ ನೋಡಿದಳು. ಮತ್ತೆ ಫೋಟೋ ನೋಡಿದಳು.

“ಅಕ್ಕ, ಚಳಿಗಾಲದ ಬೆಳಗ್ಗೆ ಇಲ್ಲಿಂದ ಆಚೆ ದಡದ ಗೋಡೆ ಕಾಣುತ್ತಾ?”

“ಎಲ್ಲಿ ಕಾಣುತ್ತೆ? ನೀರಿಂದ ಆವಿ ಎದ್ದಿರುತ್ತೆ. ನನ್ನ ಕೈಯೇ ನನಗೆ ಕಾಣಲ್ಲ.”

“ಇವತ್ತು?”

ಮೀನುಗಾರ್ತಿ ತಡವರಿಸಿದಳು. “ಇವತ್ತು... ಬಲೆಗೆ ಕೈ ಹಾಕಿದ್ರೆ ಬೆರಳು ಮರಗಟ್ಟಿ ಹೋಯ್ತು. ಸತ್ತ ಮೀನು ನೋಡಿದ ಸಂಕಟದಲ್ಲಿ ಅದನ್ನ ಮರೆತೇಬಿಟ್ಟೆ.”

“ಎಲ್ಲರೂ ಮೀನು ನೋಡಿದ್ರು, ಡಬ್ಬ ನೋಡಿದ್ರು. ಈ ಫೋಟೋದಲ್ಲಿ ಅವುಗಳ ಹಿಂದೆ ಏನಿದೆ ಅಂತ ಯಾರೂ ನೋಡ್ಲಿಲ್ಲ,” ಎಂದಳು ತನಿಖಾಧಿಕಾರಿ. “ಈಗ ಬಿಸಿಲೇರಿದ್ರೂ ಆವಿಯಲ್ಲಿ ಗೋಡೆ ಮಸುಕು. ಆದ್ರೆ ಆರೂವರೆ ಫೋಟೋದಲ್ಲಿ ಅದರ ಒಂದೊಂದು ಇಟ್ಟಿಗೆ ಎಣಿಸಬಹುದು! ಯಾಕೆ? ಆಗ ಇಲ್ಲಿ ಬಿಸಿನೀರೇ ಇರಲಿಲ್ಲ. ಅಲ್ಲಿ ತೂಬಿನ ಜಾಲರಿಗೆ ಹೊಸ ಬೋಲ್ಟು ಹಾಕಿದ್ದಾರೆ. ತೂಬು ಮುಚ್ಚದೆ ಅದಾಗೋ ಕೆಲಸವಲ್ಲ. ಚಳಿಗಾಲದಲ್ಲಿ ತೂಬಿನ ಬಾಗಿಲನ್ನ ಹೇಗೆ ಇಳಿಸಬೇಕು, ಮೇಲ್ವಿಚಾರಕರೇ?”

ಅವನ ದನಿ ಇಳಿದುಹೋಯಿತು. “ಗಂಟೆಗೆ... ಒಂದು ಗೇಣು.”

“ನೀವು?”

“ಪಾಳಿ ಮುಗಿಯೋದ್ರೊಳಗೆ ರಿಪೇರಿ ಆಗಬೇಕಿತ್ತು. ಒಂದೇ ಸಲಕ್ಕೆ ಇಳಿಸಿ, ಬಿಸಿನೀರನ್ನ ಹಿಂಬದಿ ಕೊಳವೆಗೆ ತಿರುಗಿಸಿದೆ. ರಿಪೇರಿ ಮುಗಿದ ಮೇಲೆ ಮತ್ತೆ ಕಾಲುವೆಗೆ ಬಿಟ್ಟೆ.”

“ಹೊಳೆಯ ಕೊರೆಯೋ ನೀರು ಒಳಗೆ ನುಗ್ಗಿತು. ಬಿಸಿಗೆ ಒಗ್ಗಿದ ಮೀನು ತಣ್ಣೀರಿನ ಆಘಾತಕ್ಕೆ ಸತ್ತವು. ಚಳಿಗೆ ಒಗ್ಗಿದ ಹೊಳೆ ಮೀನಿಗೆ ಏನೂ ಆಗಲಿಲ್ಲ. ಆಮೇಲೆ ಇವನ ಹಿತ್ತಲಿಂದ ಈ ಡಬ್ಬ ತಂದಿಟ್ಟು ಫೋಟೋ ತೆಗೆದವರು ನೀವೇ.”

ಮೇಲ್ವಿಚಾರಕ ತಲೆ ತಗ್ಗಿಸಿದ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ,” ಎಂದು ಗೊಣಗಿದ ಬಣ್ಣದವನು ಅಲ್ಲೇ ಕುಸಿದು ಕೂತ.

ಅತ್ತಿಗೆ ಡಬ್ಬ ಎತ್ತಿ ತಂದು ಅವನ ಮುಂದಿಟ್ಟಳು. ಮುಖ ನೋಡುವ ಧೈರ್ಯವಾಗಲಿಲ್ಲ.

“ಆ ದಡದ ಜಾಗ ನೀನೇ ಇಟ್ಕೊಳ್ಳಪ್ಪ,” ಎಂದಳು. “ಈ ವರ್ಷ ನನಗೆ ಒಣಗಿಸೋಕೆ ಬಲೆ ಒದ್ದೆಯಾಗೋದೇ ಇಲ್ಲ.”