ಏಳನೇ ಹಾಸಿಗೆಯ ರೋಗಿ

ಏಳನೇ ಹಾಸಿಗೆಯ ರೋಗಿ ಕಾಣೆಯಾದ ಸುದ್ದಿ ಹೊತ್ತು ಬಂದವಳು ಒಬ್ಬ ವಿದ್ಯಾರ್ಥಿನಿ. ವಿದ್ಯಾರ್ಥಿನಿ ಎಂದರೆ ಎಳೆಯ ಹುಡುಗಿಯಲ್ಲ. ಕಿವಿಯ ಪಕ್ಕದಲ್ಲಿ ಕೂದಲು ನರೆತಿತ್ತು. ವರ್ಷಗಟ್ಟಲೆ ಲ್ಯಾಬಿನಲ್ಲಿ ದುಡಿದು, ಇಲ್ಲಿ ಸೀಟು ಸಿಗದೆ, ಸಮುದ್ರದಾಚೆಯ ದ್ವೀಪವೊಂದರ ಕಾಲೇಜಿನಲ್ಲಿ ವೈದ್ಯಕೀಯ ಓದಿದವಳು. ಪಾಠ ಅಲ್ಲೇ ಮುಗಿದಿತ್ತು. ವಾರ್ಡಿನ ತರಬೇತಿ ಮಾತ್ರ ಎರಡು ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು.

"ಊಟ ಮಾಡ್ಕೊಂಡು ಬರೋಷ್ಟರಲ್ಲಿ ಆಳೇ ಇಲ್ಲ ಸರ್. ನಾನು ಹಿಂದಿನ ಬಾಗಿಲು ತೆಗೆದಿಟ್ಟಿದ್ನಂತೆ, ಜ್ವರದ ಮತ್ತಲ್ಲಿ ಅವನು ಎದ್ದು ಹೋದ್ನಂತೆ, ಸೂಪರಿಂಟೆಂಡೆಂಟ್ ತಪ್ಪು ನನ್ನ ಮೇಲೆ ಹಾಕ್ತಿದ್ದಾರೆ. ತರಬೇತಿ ಮುಗಿಸಿದ್ದಕ್ಕೆ ಸಹಿ ಮಾಡಲ್ವಂತೆ."

ಅವಳ ಎದುರಿಗೆ ಕೂತಿದ್ದವರು ನಿವೃತ್ತ ಪೊಲೀಸ್ ಪತ್ತೇದಾರರು. ಇಲಾಖೆಯಲ್ಲಿ ಅವರಿಗೆ ಬಿದ್ದ ಹೆಸರು 'ನಿಧಾನಿ'. ಮಂಡಿ ಕೈಕೊಟ್ಟ ಮೇಲೆ ಅವರ ಕಾರು ಓಡಿಸುವ ಕೆಲಸ ತಂಗಿಯ ಮಗಳ ಪಾಲಿಗೆ ಬಂದಿತ್ತು. ಶಾಲೆಯಲ್ಲಿ ಪಾಠ ಹೇಳಿ ಗಂಟಲು ಹರಿದುಕೊಂಡು ಬಂದು ಆಗಷ್ಟೇ ಕಾಲು ಚಾಚಿದ್ದಳು ಅವಳು. "ಏಳಮ್ಮ, ಹೋಗಿಬರೋಣ" ಅಂದರು ಮಾವ. ಅವಳು ಎದ್ದಳು.

ದಾರಿಯಲ್ಲಿ ಸೋದರ ಸೊಸೆ ಹಿಂದೆ ಕೂತಿದ್ದ ವಿದ್ಯಾರ್ಥಿನಿಯನ್ನು ಕೇಳಿದಳು, "ಸಹಿ ಸಿಗದಿದ್ರೆ ಏನಾಗುತ್ತೆ?"

"ಲೈಸೆನ್ಸ್ ಪರೀಕ್ಷೆಗೆ ಕೂರೋಕಾಗಲ್ಲ. ದ್ವೀಪದ ಸರ್ಕಾರ ಕಾಲೇಜಿಗೆ ಮಾನ್ಯತೆ ಕೊಟ್ಟಿದೆ, ಆದ್ರೆ ಅದು ಇಲ್ಲಿ ಸಾಲಲ್ಲ. ಇಲ್ಲಿನ ವೈದ್ಯ ಮಂಡಳಿ ಕಾಲೇಜನ್ನೂ ಒಪ್ಪಬೇಕು, ನಾವು ಕಲಿಯೋ ಆಸ್ಪತ್ರೆನೂ ಒಪ್ಪಬೇಕು. ಇವತ್ತು ಸಂಜೆ ಮಂಡಳಿಯವರು ತಪಾಸಣೆಗೆ ಬರ್ತಾರೆ. ಒಪ್ಪದಿದ್ರೆ ಇಲ್ಲಿ ಮಾಡಿದ್ದೆಲ್ಲ ಲೆಕ್ಕಕ್ಕಿಲ್ಲ."

ವಾರ್ಡಿನಲ್ಲಿ ಸೂಪರಿಂಟೆಂಡೆಂಟ್ ಹಣೆ ಒರೆಸಿಕೊಳ್ಳುತ್ತಾ ನಿಂತಿದ್ದರು. ನಿಧಾನಿ ಏಳನೇ ಹಾಸಿಗೆಯ ಸುತ್ತ ಒಂದು ಸುತ್ತು ಬಂದರು. ಆಸ್ಪತ್ರೆಯ ನಿಲುವಂಗಿ ಮಡಿಸಿ ದಿಂಬಿನ ಮೇಲಿಟ್ಟಿತ್ತು. ಡ್ರಿಪ್ ಬಾಟಲಿ ಅರ್ಧ ಖಾಲಿ. ಹಾಸಿಗೆಯ ಒಂದು ಅಂಚು ಒದ್ದೆ. ಕೆಳಗೆ ನೆಲದ ಮೇಲೆ ಉಪ್ಪಿನಂಥ ಬಿಳಿ ಕಲೆ. ಡ್ರಿಪ್ ಸೂಜಿಗೆ ಅಂಟಿಸಿ ಕಿತ್ತುಹಾಕಿದ್ದ ಪ್ಲಾಸ್ಟರ್ ಪಟ್ಟಿಯಲ್ಲಿ ರಕ್ತದ ಚುಕ್ಕೆಯೂ ಇರಲಿಲ್ಲ.

"ಹಿಂದಿನ ಬಾಗಿಲಿಗೆ ಬೀಗ ಇರುತ್ತಾ?"

"ಯಾವಾಗ್ಲೂ" ಅಂದಳು ವಾರ್ಡಿನ ಸಿಸ್ಟರ್. "ಒಂದು ಕೀ ನನ್ನ ಸೊಂಟದಲ್ಲಿದೆ. ಇನ್ನೊಂದು ಸೂಪರಿಂಟೆಂಡೆಂಟ್ ಸಾಹೇಬರ ಹತ್ರ."

"ಇವಳೇ ಸಿಸ್ಟರ್ ಹತ್ರ ಇಸ್ಕೊಂಡಿರ್ಬೇಕು" ಅಂದರು ಸೂಪರಿಂಟೆಂಡೆಂಟ್. ಸಿಸ್ಟರ್ ಇಲ್ಲವೆಂದು ತಲೆಯಾಡಿಸಿದಳು.

"ರೋಗಿನ ಹುಡುಕೋಕೆ ಯಾರನ್ನ ಕಳಿಸಿದ್ದೀರಿ?"

"ಎಲ್ಲರೂ ತಪಾಸಣೆ ತಯಾರಿಯಲ್ಲಿದ್ದಾರಲ್ಲ."

ನಿಧಾನಿ ವಿದ್ಯಾರ್ಥಿನಿಯನ್ನು ಹೊರಗೆ ಕರೆದರು. ಹೊಸ ಹಳದಿ ಬಣ್ಣ ಬಳಿದ ಕಾರಿಡಾರಿನಲ್ಲಿ ಇನ್ನೂ ವಾಸನೆ ಹೊಡೆಯುತ್ತಿತ್ತು. "ನೀನು ಅವನನ್ನ ಪರೀಕ್ಷೆ ಮಾಡಿದ್ಯಾ?"

"ಬೆಳಗ್ಗೆ ಮಾಡ್ದೆ. ಉಗುರಿನ ಸಂದಿ ಹಳದಿ ಇತ್ತು. ಕಾಮಾಲೆ ಏನೋ ಅಂತ ಕಣ್ಣು ನೋಡ್ದೆ, ಬೆಳ್ಳಗಿತ್ತು. ಮೈ ತಣ್ಣಗಿತ್ತು. ಆದ್ರೆ ಹೃದಯದ ಸದ್ದು ಸರಿಯಿಲ್ಲ, ಕವಾಟ ಕೆಟ್ಟಿರ್ಬೇಕು. ಸ್ಕ್ಯಾನ್ ಮಾಡಿಸ್ಬೇಕು, ಮಂಡಳಿಯವರಿಗೂ ಈ ರೋಗಿನೇ ತೋರಿಸ್ತೀನಿ ಅಂತ ಸೂಪರಿಂಟೆಂಡೆಂಟ್‌ಗೆ ಹೇಳ್ದೆ."

ನಿಧಾನಿ ಗೋಡೆಗೆ ಒರಗಿದರು. "ಅವನನ್ನ ಇಲ್ಲಿಂದ ಯಾರು ಕಳಿಸಿದ್ದು ಅಂತ ಗೊತ್ತಾಯ್ತಮ್ಮ. ಅದನ್ನ ನಾನು ಮಂಡಳಿಯವರ ಮುಂದೆ ಹೇಳಿದ್ರೆ ಈ ಆಸ್ಪತ್ರೆಗೆ ಒಪ್ಪಿಗೆ ಸಿಗಲ್ಲ. ನಿನ್ನ ಎರಡು ವರ್ಷ ನೀರಲ್ಲಿ ಹೋಮ. ನೀನು ಬೇಡ ಅಂದ್ರೆ ಸೂಪರಿಂಟೆಂಡೆಂಟ್ ಹತ್ರ ಗುಟ್ಟಾಗಿ ಮಾತಾಡಿ, ನಿನಗೆ ಸಹಿ ಹಾಕಿಸಿ ಮನೆಗೆ ಹೋಗ್ತೀನಿ."

ಅವಳು ಕೋಟಿನ ಗುಂಡಿ ತಿರುವುತ್ತಾ ನಿಂತಳು. ಸೊಸೆಗೆ ಅವಳ ಮುಖ ನೋಡಲಾಗಲಿಲ್ಲ.

"ಅವನ ಎದೆ ನಿಜವಾಗ್ಲೂ ಕೆಟ್ಟಿದೆ ಸರ್" ಅಂದಳು ವಿದ್ಯಾರ್ಥಿನಿ. "ಹೇಳಿಬಿಡಿ."

ಸಂಜೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಂಡಳಿಯಿಂದ ಬಂದಿದ್ದ ವಯಸ್ಸಾದ ವೈದ್ಯೆ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು.

"ಜ್ವರದ ಮತ್ತಲ್ಲಿ ಓಡಿಹೋಗೋನು ನಿಲುವಂಗಿ ಮಡಿಸಿಡಲ್ಲ" ಎಂದು ನಿಧಾನಿ ಸೂಪರಿಂಟೆಂಡೆಂಟ್ ಕಡೆ ತಿರುಗಿ ಶುರುಮಾಡಿದರು. "ಪ್ಲಾಸ್ಟರಲ್ಲಿ ರಕ್ತ ಇಲ್ಲ ಅಂದ್ರೆ ಸೂಜಿ ಚುಚ್ಚೇ ಇಲ್ಲ. ಡ್ರಿಪ್‌ನ ಉಪ್ಪುನೀರು ಹಾಸಿಗೆಗೆ ಇಳೀತು. ನೆಲದ ಮೇಲೆ ಒಣಗಿದ ಉಪ್ಪು ಅದೇ. ಅಂದ್ರೆ ಅವನು ರೋಗಿ ಅಂತ ಮಲಗಿಸಿದ ಆಳು. ಉಗುರಲ್ಲಿದ್ದ ಹಳದಿ ನಿಮ್ಮ ಕಾರಿಡಾರ್ ಗೋಡೆಯದು, ಅವನು ನಿಮ್ಮ ಪೇಂಟರ್. ರೋಗಿಗಳು ಕಮ್ಮಿ ಇದ್ರೆ ಒಪ್ಪಿಗೆ ಸಿಗಲ್ಲ, ಅದಕ್ಕೆ ಹಾಸಿಗೆ ತುಂಬಿಸಿದ್ರಿ. ಈಕೆ ಅವನಲ್ಲಿ ನಿಜವಾದ ಕಾಯಿಲೆ ಹಿಡಿದಳು. ಮಂಡಳಿಯವರು ನಾಲ್ಕು ಪ್ರಶ್ನೆ ಕೇಳಿದ್ರೆ ಅವನು ಬಾಯಿಬಿಡ್ತಿದ್ದ."

"ಕಳಿಸಿದ್ದು ಸಿಸ್ಟರ್ ಯಾಕಾಗಬಾರದು?" ಅಂದರು ವೈದ್ಯೆ.

"ಕಾಯಿಲೆ ವಿಷಯ ಈಕೆ ಹೇಳಿದ್ದು ಸೂಪರಿಂಟೆಂಡೆಂಟ್ ಒಬ್ಬರಿಗೇ. ಎರಡನೇ ಕೀ ಇದ್ದದ್ದೂ ಅವರ ಹತ್ರಾನೇ. ರೋಗಿ ಕಳೆದುಹೋದ ಆಸ್ಪತ್ರೆ ಊರೆಲ್ಲ ಹುಡುಕ್ಬೇಕಿತ್ತು. ಇಲ್ಲಿ ಒಬ್ಬರೂ ಗೇಟು ದಾಟಿಲ್ಲ. ಎಲ್ಲಿದ್ದಾನೆ ಅಂತ ಗೊತ್ತಿರೋನು ಹುಡುಕಲ್ಲ. ತಪ್ಪು ಈಕೆ ಮೇಲೆ ಹೊರಿಸಿದ್ರೆ, ನಾಳೆ ಈಕೆ ಏನು ಹೇಳಿದ್ರೂ ಯಾರೂ ನಂಬಲ್ಲ."

ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಕೈಯೂರಿದರು. "ಒಪ್ಪಿಗೆ ಹೋದ್ರೆ ಇಲ್ಲಿ ದುಡಿಯೋರು, ಕಲಿಯೋರು ಎಲ್ಲ ಬೀದಿಗೆ ಬೀಳ್ತಾರೆ. ನಾನು ನನಗೋಸ್ಕರ ಮಾಡ್ಲಿಲ್ಲ."

"ಅವನೆಲ್ಲಿ?" ಅಂದಳು ವಿದ್ಯಾರ್ಥಿನಿ.

ಅವನು ಹಿಂದಿನ ಕಟ್ಟಡದಲ್ಲಿ ಏಣಿ ಹತ್ತಿ ಬಣ್ಣ ಬಳಿಯುತ್ತಿದ್ದ. ಅವಳೇ ಹೋಗಿ ಇಳಿಸಿ ಕರೆತಂದಳು. ಸ್ಕ್ಯಾನಿನಲ್ಲಿ ಅವಳು ಹೇಳಿದ್ದು ನಿಜವಾಯಿತು. ವೈದ್ಯೆ ಅವನನ್ನು ಬೇರೆ ಆಸ್ಪತ್ರೆಗೆ ಕಳಿಸಿ, ಇವಳತ್ತ ತಿರುಗಿದರು. "ನಿನ್ನ ಕಿವಿ ಚೆನ್ನಾಗಿದೆ. ಆದ್ರೂ ಇಲ್ಲಿ ಮಾಡಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಬೇರೆ ಕಡೆ ಮೊದಲಿಂದ ಮಾಡ್ಬೇಕು."

"ಗೊತ್ತು ಮೇಡಂ" ಅಂದಳು ಅವಳು.

ವಾಪಸು ಬರುವಾಗ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತವಳೇ ನಿದ್ದೆಹೋದಳು. ಅವಳ ಮನೆಯ ತಿರುವು ಬಂತು. ಸೊಸೆ ಮಾವನ ಮುಖ ನೋಡಿದಳು. ಮಲಗಿರಲಿ, ಮುಂದೆ ಹೋಗೆಂದು ಅವರು ಕೈಸನ್ನೆ ಮಾಡಿದರು. ಸೊಸೆ ಕಾರಿನಲ್ಲಿ ಇನ್ನೊಂದು ಸುತ್ತು ಹಾಕಿದಳು.